ಹೆಪ್ಪು ತಂದವರು, ಮೊಸರು ತಂದವರು: ಎದುರಾಳಿಯಿಂದ ವಿದ್ಯುತ್ ಕಾರಿನ ತಂತ್ರಜ್ಞಾನ ಕೊಳ್ಳುವ ಬಗ್ಗೆ

(ಬೆಂಗಳೂರು ಮತ್ತು ಸುತ್ತಲಿನವರ ಪತ್ರಗಳು; ಪ್ರತಿ ಪತ್ರದ ಮೇಲಿರುವುದು ಬರೆದವರ ಊರು ಅಥವಾ ಬಡಾವಣೆಯ ಹೆಸರು)

ಬನಶಂಕರಿ

ಇಪ್ಪತ್ತೆರಡು ವರ್ಷ ಎಂಜಿನ್ ಮತ್ತು ಗೇರ್‌ಬಾಕ್ಸ್ ವಿನ್ಯಾಸದಲ್ಲಿ ಕಳೆದು, ಈಗ ಮೂರು ವರ್ಷಗಳಿಂದ ಬ್ಯಾಟರಿ ವಾಹನಗಳ ಪರೀಕ್ಷೆಯ ಕೆಲಸ ನೋಡಿಕೊಳ್ಳುತ್ತಿರುವ ನನಗೆ ಒಂದು ವಿಷಯ ಬಿಡದೆ ಕಾಡುತ್ತಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಾರು ಕಂಪನಿಯ ಮಾನವೆಂದರೆ ಅದರ ಎಂಜಿನ್. ದೀಪ, ಸೀಟು, ಬ್ರೇಕು, ಗಾಜು ಎಲ್ಲವನ್ನೂ ಹೊರಗಿನಿಂದ ತರಿಸಿದರೂ ಎಂಜಿನ್ನನ್ನು ಮಾತ್ರ ತಮ್ಮ ಸೂರಿನಡಿಯೇ ಮಾಡಬೇಕು ಎಂಬುದನ್ನು ಯಾರೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುತ್ತಿದ್ದರು.

ಆ ಕಟ್ಟುಪಾಡು ಈಗ ಕಣ್ಣೆದುರೇ ಸಡಿಲವಾಗಿದೆ. ಫೋಕ್ಸ್‌ವ್ಯಾಗನ್ 2023ರ ಜುಲೈನಲ್ಲಿ ಚೀನಾದ ಎಕ್ಸ್‌ಪೆಂಗ್ ಕಂಪನಿಯ ಸುಮಾರು ಶೇ. 5ರಷ್ಟು ಪಾಲಿಗೆ 70 ಕೋಟಿ ಡಾಲರ್ ಕೊಡಲು ಒಪ್ಪಿತು. ಮರುವರ್ಷ ಅಮೆರಿಕದ ರಿವಿಯನ್ ಜೊತೆ ಜಂಟಿ ಸಂಸ್ಥೆ ಕಟ್ಟಿ, ಒಟ್ಟು 580 ಕೋಟಿ ಡಾಲರ್‌ವರೆಗೆ ತೊಡಗಿಸುವುದಾಗಿ ಪ್ರಕಟಿಸಿತು. ಫಿಯೆಟ್, ಜೀಪ್ ಕಾರುಗಳ ಒಡೆಯ ಸ್ಟೆಲಾಂಟಿಸ್ ಸುಮಾರು 150 ಕೋಟಿ ಯೂರೊ ಕೊಟ್ಟು ಚೀನಾದ ಲೀಪ್‌ಮೋಟರ್‌ನ ಐದರಲ್ಲೊಂದು ಪಾಲನ್ನು ಕೊಂಡಿತು. ಯುರೋಪಿನಲ್ಲಿ ಫೋರ್ಡ್ ಮಾರುವ ವಿದ್ಯುತ್ ಎಕ್ಸ್‌ಪ್ಲೋರರ್ ಮತ್ತು ಕ್ಯಾಪ್ರಿ ಕಾರುಗಳು ನಿಂತಿರುವುದು ಫೋಕ್ಸ್‌ವ್ಯಾಗನ್‌ನ ಎಂಇಬಿ ಎಂಬ ತಳಹದಿಯ, ಅಂದರೆ ಬ್ಯಾಟರಿ, ಮೋಟಾರು, ಚಾಸಿ ಸೇರಿದ ಅಡಿಪಾಯದ ಮೇಲೆ. ಮಜ್ದಾದ 6ಇ ಕಾರಿನ ಬೇರು ಚೀನಾದ ಚಾಂಗಾನ್ ಕಂಪನಿಯಲ್ಲಿದೆ. 1984ರಲ್ಲಿ ಶಾಂಘೈನ ಜಂಟಿ ಕಾರ್ಖಾನೆಗೆ ಸಹಿ ಹಾಕಿದಾಗ ಕಲಿಸುವವರ ಸ್ಥಾನದಲ್ಲಿದ್ದ ಫೋಕ್ಸ್‌ವ್ಯಾಗನ್, ನಲವತ್ತು ವರ್ಷ ತುಂಬುವುದರೊಳಗೆ ಅದೇ ದೇಶದಲ್ಲಿ ಕಲಿಯುವವರ ಸಾಲಿಗೆ ಬಂದು ಕೂತಿದೆ.

ನಮ್ಮ ದೇಶದ ಚಿತ್ರವೂ ಬೇರೆಯಲ್ಲ. ಮಾರುತಿಯ ಇ-ವಿಟಾರಾ ಗುಜರಾತಿನ ಹನ್ಸಲ್‌ಪುರದಲ್ಲಿ ತಯಾರಾಗುತ್ತದೆ, ಆದರೆ ಅದರ ಬ್ಯಾಟರಿಯ ಸೆಲ್ಲುಗಳು ಚೀನಾದ ಕಾರು ಕಂಪನಿ ಬಿವೈಡಿಯ ಬಳಗದವು. ಅದೇ ಕಾರನ್ನು ಟೊಯೊಟಾ ತನ್ನ ಹೆಸರಿನಲ್ಲಿ ಮಾರುತ್ತದೆ. ಮಹೀಂದ್ರ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಲ್ಲೂ ಬಿವೈಡಿಯ ಸೆಲ್ಲುಗಳಿವೆ, ಮತ್ತು ಅವುಗಳ ತಳಹದಿಗೆ ಎಂಇಬಿಯ ಭಾಗಗಳನ್ನು ಪಡೆಯಲು ಫೋಕ್ಸ್‌ವ್ಯಾಗನ್ ಜೊತೆ ಒಪ್ಪಂದವಾಗಿತ್ತು.

ಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಹೆಪ್ಪು ತೀರಿದಾಗ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಲು ಯಾರಿಗೂ ಸಂಕೋಚವಿಲ್ಲ. ಒಂದು ಚಮಚ ಹೆಪ್ಪು ತಂದು ತಮ್ಮ ಹಾಲಿಗೆ ಹಾಕಿದವರ ಮನೆಯಲ್ಲಿ ಮರುದಿನ ಮೊಸರೂ ಇರುತ್ತದೆ, ಅದರ ಮರುದಿನಕ್ಕೆ ಹೆಪ್ಪೂ ಇರುತ್ತದೆ. ಮೊಸರನ್ನೇ ತಂದು ಉಂಡವರು ನಾಳೆಯೂ ಅದೇ ಬಾಗಿಲು ತಟ್ಟಬೇಕು. ಆ ಮನೆಯವರು ಇಲ್ಲವೆಂದ ದಿನ ಅವರಿಗೆ ಮಜ್ಜಿಗೆಗೂ ಗತಿಯಿಲ್ಲ. ನನ್ನ ಅಳತೆ ಇಷ್ಟೇ: ಒಪ್ಪಂದ ಮುಗಿದ ಮರುದಿನ, ಕೊಂಡವರ ಎಂಜಿನಿಯರುಗಳು ಅದೇ ಭಾಗದ ಮುಂದಿನ ಆವೃತ್ತಿಯನ್ನು ತಾವೇ ಮಾಡಬಲ್ಲರೆ? ಈ ಒಪ್ಪಂದಗಳಲ್ಲಿ ಯಾವುದು ಹೆಪ್ಪು, ಯಾವುದು ಬರೀ ಮೊಸರು ಎಂಬುದನ್ನು ಹತ್ತಿರದಿಂದ ನೋಡಿದವರು ಬರೆಯಬೇಕೆಂದು ಕೋರುತ್ತೇನೆ.

ಪೀಣ್ಯ ಎರಡನೇ ಹಂತ

ಮೊದಲು ಒಂದು ತಿದ್ದುಪಡಿ. ಎಂಜಿನ್ನನ್ನು ಯಾರೂ ಹೊರಗಿನಿಂದ ತರುತ್ತಿರಲಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾದ ಇಂಡಿಕಾ ವಿಸ್ಟಾದಲ್ಲೂ ಇತ್ತು. ಅದು ದೇಶದ ಎಂಜಿನ್ ಎಂದೇ ಜನ ಕರೆಯುತ್ತಿದ್ದರು. ಆದರೆ ಆ ಉದಾಹರಣೆ ನಿಮ್ಮ ವಾದವನ್ನೇ ಗಟ್ಟಿ ಮಾಡುತ್ತದೆ. ಮಾರುತಿ ಅದನ್ನು ಪರವಾನಗಿಯ ಮೇಲೆ ಇಲ್ಲೇ ತಯಾರಿಸಿ, ವರ್ಷಗಟ್ಟಲೆ ಅದರೊಂದಿಗೆ ಒಡನಾಡಿ, 2019ರಲ್ಲಿ ತನ್ನದೇ 1.5 ಲೀಟರ್ ಡೀಸೆಲ್ ಎಂಜಿನ್ನನ್ನು ಹೊರತಂದಿತು. ಮರುವರ್ಷ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬಂದು ಅದನ್ನು ನಿಲ್ಲಿಸಬೇಕಾದದ್ದು ಬೇರೆ ಮಾತು.

ಈಗ ನನ್ನ ಅನುಭವ. ನನ್ನದು ಹನ್ನೊಂದು ಜನ ದುಡಿಯುವ ಗೇರು ವರ್ಕ್‌ಶಾಪು. ಮೂರು ವರ್ಷದ ಹಿಂದೆ ವಿದ್ಯುತ್ ಕಾರಿನ ರಿಡಕ್ಷನ್ ಗೇರಿನ, ಅಂದರೆ ಮೋಟಾರಿನ ವೇಗವನ್ನು ಚಕ್ರಕ್ಕೆ ತಕ್ಕಂತೆ ಇಳಿಸುವ ಗೇರಿನ ಸ್ಯಾಂಪಲ್ ಮಾಡಿಕೊಡುವ ಆರ್ಡರ್ ಬಂತು. ಹೊರಗಿನವರಿಗೆ ಇದು ಸುಲಭದ ಕೆಲಸವಾಗಿ ಕಾಣುತ್ತದೆ, ಏಕೆಂದರೆ ಐದಾರು ಗೇರಿನ ಜಾಗದಲ್ಲಿ ಒಂದೇ ವೇಗದ ಪೆಟ್ಟಿಗೆ ಸಾಕು. ಆದರೆ ಮೋಟಾರು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ದಾಟಿ ತಿರುಗುತ್ತದೆ, ಮತ್ತು ಎಂಜಿನ್ನಿನ ಸದ್ದೇ ಇಲ್ಲದ ಕಾರಿನಲ್ಲಿ ಹಲ್ಲಿಗೆ ಹಲ್ಲು ತಾಗುವ ಸಣ್ಣ ಕೀರಲು ಸದ್ದು ಕೂಡ ಒಳಗೆ ಕೂತವರ ಕಿವಿಗೆ ನೇರವಾಗಿ ಬೀಳುತ್ತದೆ. ಅದಕ್ಕಾಗಿ ಪ್ರತಿ ಹಲ್ಲಿನ ತುದಿಯನ್ನು ಕೆಲವೇ ಮೈಕ್ರಾನಿನಷ್ಟು ಸವರಿ ಇಳಿಸಬೇಕಾಗುತ್ತದೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವೆಂದರೆ ಈ ಕೆಲಸದ ನಯ ಅರ್ಥವಾದೀತು.

ನಮಗೆ ಬಂದ ಡ್ರಾಯಿಂಗ್‌ನಲ್ಲಿ ಎಷ್ಟು ಸವರಬೇಕೆಂಬ ಅಂಕಿ ಇತ್ತು. ಏಕೆ ಅಷ್ಟೇ ಎಂಬುದಕ್ಕೆ ಯಾವ ವಿವರಣೆಯೂ ಇರಲಿಲ್ಲ. ಪರೀಕ್ಷೆಯ ರಿಗ್ಗಿನ ಮೇಲೆ ಓಡಿಸಿ ನೋಡಿದ ನಮ್ಮ ಹಿರಿಯ ಫಿಟ್ಟರ್, ಇನ್ನೆರಡು ಮೈಕ್ರಾನ್ ಸವರಿದರೆ ಸದ್ದು ಇಳಿಯುತ್ತದೆ ಎಂದರು. ಎರಡು ಜೋಡಿಯನ್ನು ಹಾಗೆಯೇ ಮಾಡಿ ಅಳೆದು ತೋರಿಸಿದೆವು, ಸದ್ದು ಇಳಿದಿತ್ತು. ಆರ್ಡರ್ ಕೊಟ್ಟ ಕಂಪನಿಯ ಎಂಜಿನಿಯರ್ ಅದನ್ನು ಒಪ್ಪಿಕೊಂಡರು, ಆದರೆ ಡ್ರಾಯಿಂಗ್ ಅವರದಲ್ಲ. ಅವರು ಯಾವ ಎದುರಾಳಿಯಿಂದ ವಿನ್ಯಾಸ ಕೊಂಡಿದ್ದರೋ ಆ ಕಂಪನಿಯ ವಿದೇಶದ ಕಚೇರಿ ಒಪ್ಪಬೇಕಿತ್ತು. ನಾಲ್ಕು ತಿಂಗಳು ಕಾದ ಮೇಲೆ ಬಂದ ಉತ್ತರ ಒಂದೇ ಸಾಲಿನದು: ಡ್ರಾಯಿಂಗ್‌ನಲ್ಲಿ ಇರುವಂತೆಯೇ ಮಾಡಿ. ಆ ಎಂಜಿನಿಯರ್ ನನ್ನೆದುರು ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ವಿದ್ಯೆಯ ಕೊರತೆ ಇರಲಿಲ್ಲ. ತಮ್ಮ ಹೆಸರು ಹೊತ್ತ ಕಾರಿನಲ್ಲಿ ಎರಡು ಮೈಕ್ರಾನ್ ಬದಲಿಸುವ ಅಧಿಕಾರ ಅವರಿಗೆ ಇರಲಿಲ್ಲ.

ವೈಟ್‌ಫೀಲ್ಡ್

ನಾನು ಬ್ಯಾಟರಿ ನಿಯಂತ್ರಣದ ಸಾಫ್ಟ್‌ವೇರ್ ಬರೆಯುವವಳು. ಪೀಣ್ಯದವರು ಗೇರಿನಲ್ಲಿ ಕಂಡದ್ದನ್ನು ನಾವು ಪ್ರತಿದಿನ ಕೋಡಿನಲ್ಲಿ ಕಾಣುತ್ತೇವೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಬೇಡುತ್ತೇನೆ.

ಇಂದು ಅಗ್ಗದ ಕಾರುಗಳಲ್ಲಿ ಹೆಚ್ಚಾಗಿ ಬರುತ್ತಿರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಸೆಲ್ಲು. ಅದು ಸುರಕ್ಷಿತ, ಬಾಳಿಕೆಯೂ ಹೆಚ್ಚು. ಆದರೆ ಅದರಲ್ಲೊಂದು ತೊಡಕಿದೆ. ಚಾರ್ಜು ಶೇ. 20 ಇರಲಿ, ಶೇ. 80 ಇರಲಿ, ಸೆಲ್ಲಿನ ವೋಲ್ಟೇಜು ಹೆಚ್ಚುಕಡಿಮೆ 3.2ರಿಂದ 3.3ರ ನಡುವೆಯೇ ನಿಂತಿರುತ್ತದೆ. ನಮ್ಮೂರಿನ ಮನೆಗಳ ಸಂಪನ್ನು ನೆನೆಯಿರಿ. ಮುಚ್ಚಳ ತೆಗೆದು ಇಣುಕಿದರೆ ನೀರು ಅರ್ಧ ಇದೆಯೋ ಮುಕ್ಕಾಲು ಇದೆಯೋ ತಿಳಿಯುತ್ತದೆ. ಎಲ್‌ಎಫ್‌ಪಿ ಎಂದರೆ ಮುಚ್ಚಳ ತೆಗೆಯಲಾಗದ ಸಂಪು. ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂಬ ಮೀಟರಿನ ಲೆಕ್ಕವನ್ನೇ ನಂಬಬೇಕು. ಮೀಟರಿನ ಸಣ್ಣ ತಪ್ಪು ದಿನದಿಂದ ದಿನಕ್ಕೆ ಕೂಡುತ್ತ ಹೋಗುತ್ತದೆ, ಆದ್ದರಿಂದ ಆಗಾಗ ಪೂರ್ತಿ ತುಂಬಿಸಿ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕು. ಈ ಲೆಕ್ಕ ನಿಖರವಾಗಲು ಆ ಸೆಲ್ಲು ಚಳಿಯಲ್ಲಿ ಹೇಗೆ, ಬಿಸಿಲಿನಲ್ಲಿ ಹೇಗೆ, ಐದು ವರ್ಷ ಸವೆದ ಮೇಲೆ ಹೇಗೆ ಎಂಬ ಸಾವಿರಾರು ಗಂಟೆಗಳ ಪರೀಕ್ಷೆಯ ದತ್ತಾಂಶ ಬೇಕು. ಕಾರಿನ ಅರ್ಧ ವಿದ್ಯೆ ಆ ದತ್ತಾಂಶದಲ್ಲಿದೆ. ಎದುರಾಳಿಯಿಂದ ಸೆಲ್ಲುಗಳನ್ನು ಜೋಡಿಸಿದ ಪೂರ್ತಿ ಪ್ಯಾಕನ್ನೇ ಕೊಂಡಾಗ ನಿಯಂತ್ರಣದ ಪೆಟ್ಟಿಗೆಯೂ ಜೊತೆಗೆ ಬರುತ್ತದೆ, ಅದು ಶೇ. 63 ಎಂದು ಹೇಳಿದರೆ ನಮ್ಮ ಪರದೆ ಶೇ. 63 ಎಂದು ತೋರಿಸುತ್ತದೆ. ಅದು ಏಕೆ 61 ಅಲ್ಲ ಎಂದು ಕೇಳುವ ದಾರಿಯೇ ನಮಗಿಲ್ಲ. ಬರೀ ಸೆಲ್ಲುಗಳನ್ನು ಕೊಂಡು ಪ್ಯಾಕನ್ನೂ ನಿಯಂತ್ರಣವನ್ನೂ ತಾವೇ ಕಟ್ಟುವ ಕಂಪನಿಗಳು ಈ ಲೆಕ್ಕವನ್ನು ಕಲಿಯುತ್ತವೆ. ಬನಶಂಕರಿಯವರ ಮಾತಿನಲ್ಲಿ ಹೇಳುವುದಾದರೆ ಹೆಪ್ಪಿಗೂ ಮೊಸರಿಗೂ ಇರುವ ಗೆರೆ ಇಲ್ಲಿದೆ.

ಫೋಕ್ಸ್‌ವ್ಯಾಗನ್ ರಿವಿಯನ್ ಬಳಿಗೆ ಹೋದದ್ದು ಬ್ಯಾಟರಿಗಾಗಿ ಅಲ್ಲ ಎಂಬುದನ್ನೂ ಗಮನಿಸಬೇಕು. ಹಳೆಯ ಕಾರುಗಳಲ್ಲಿ ಕಿಟಕಿಗೊಂದು, ಸೀಟಿಗೊಂದು, ದೀಪಕ್ಕೊಂದು ಎಂಬಂತೆ ಹತ್ತಾರು ಪುಟ್ಟ ಕಂಪ್ಯೂಟರುಗಳಿವೆ. ಒಂದೊಂದನ್ನೂ ಒಂದೊಂದು ಪೂರೈಕೆದಾರರು ತಮ್ಮದೇ ಸಾಫ್ಟ್‌ವೇರ್ ತುಂಬಿ ಕೊಡುತ್ತಾರೆ. ಕಾರು ಕಂಪನಿಯ ಖರೀದಿ ವಿಭಾಗಕ್ಕೆ ಪೆಟ್ಟಿಗೆಯ ಬೆಲೆ ಗೊತ್ತು, ಒಳಗಿನ ಕೋಡು ಗೊತ್ತಿಲ್ಲ. ರಿವಿಯನ್ 2024ರಲ್ಲಿ ತನ್ನ ಆರ್1 ವಾಹನಗಳಲ್ಲಿ ಇಂಥ ಕಂಪ್ಯೂಟರುಗಳ ಸಂಖ್ಯೆಯನ್ನು 17ರಿಂದ 7ಕ್ಕೆ ಇಳಿಸಿ, ಎರಡೂವರೆ ಕಿಲೋಮೀಟರಿನಷ್ಟು ವೈರನ್ನು ತೆಗೆದುಹಾಕಿತು. ಫೋಕ್ಸ್‌ವ್ಯಾಗನ್ ಸಮೂಹ ಇದೇ ಕೆಲಸಕ್ಕೆಂದು ಕ್ಯಾರಿಯಾಡ್ ಎಂಬ ತನ್ನದೇ ಸಂಸ್ಥೆಯನ್ನು ಕಟ್ಟಿತ್ತು. ಸಾಫ್ಟ್‌ವೇರ್ ತಡವಾಗಿ ಪೋರ್ಷೆಯ ವಿದ್ಯುತ್ ಮಕಾನ್ ಮತ್ತು ಆಡಿ ಕ್ಯೂ6 ಇ-ಟ್ರಾನ್ ಕಾರುಗಳೇ ಮುಂದಕ್ಕೆ ಹೋದವು. ಹಣಕ್ಕಾಗಲಿ ಜನಕ್ಕಾಗಲಿ ಅಲ್ಲಿ ಕೊರತೆಯಿರಲಿಲ್ಲ. ಪೆಟ್ಟಿಗೆ ಕೊಳ್ಳುವ ಅಭ್ಯಾಸಕ್ಕೆ ಒಗ್ಗಿದ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವ ಅಭ್ಯಾಸ ಬೆಳೆಯಲಿಲ್ಲ ಎಂದು ನಾನು ತಿಳಿದಿದ್ದೇನೆ.

ಜಯನಗರ

ಇಷ್ಟು ದೂರದ ಉದಾಹರಣೆಗಳನ್ನು ಹೇಳುವಾಗ ನಮ್ಮ ಊರಿನ ರೇವಾವನ್ನು ಹೇಗೆ ಮರೆತೀರಿ? ಚೇತನ್ ಮೈನಿಯವರ ತಂಡ ಬೊಮ್ಮಸಂದ್ರದಲ್ಲಿ ಮಾಡಿ 2001ರಲ್ಲಿ ರಸ್ತೆಗಿಳಿಸಿದ ಆ ಎರಡು ಬಾಗಿಲಿನ ಕಾರು, ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಿತು. ನಾನು ಒಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡು ಆರು ವರ್ಷ ಓಡಿಸಿದೆ. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳು. ಅವುಗಳಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸುವುದು ಭಾನುವಾರದ ಕೆಲಸ, ಹದಿನೈದು ಆಂಪಿಯರಿನ ಮನೆಯ ಸಾಕೆಟ್ಟಿಗೆ ಸಿಕ್ಕಿಸುವುದು ರಾತ್ರಿಯ ಕೆಲಸ. ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಹೋಗಿ ತರಕಾರಿ ತರಲು ಅದಕ್ಕಿಂತ ಹಗುರವಾದ ಕಾರನ್ನು ನಾನು ಕಂಡಿಲ್ಲ.

2009ರಲ್ಲಿ ಜನರಲ್ ಮೋಟರ್ಸ್ ತನ್ನ ಸ್ಪಾರ್ಕ್ ಕಾರನ್ನು ವಿದ್ಯುತ್ತಿಗೆ ಬದಲಿಸಲು ರೇವಾದ ತಂತ್ರಜ್ಞಾನವನ್ನು ಬಳಸಲು ಕೈಜೋಡಿಸಿತ್ತು. 2010ರ ಮೇ ತಿಂಗಳಲ್ಲಿ ಮಹೀಂದ್ರ ರೇವಾದ ಶೇ. 55.2 ಪಾಲನ್ನು ಕೊಂಡಿತು, ಆ ನಂತರ ಸ್ಪಾರ್ಕ್ ಯೋಜನೆ ನಿಂತಿತು. ಅಂದರೆ ದೊಡ್ಡ ಕಂಪನಿಗಳು ಚಿಕ್ಕ ಎದುರಾಳಿಯಿಂದ ವಿದ್ಯುತ್ ವಿದ್ಯೆ ಕೊಳ್ಳುವ ಆಟ ಬೆಂಗಳೂರಿಗೆ ಹದಿನೈದು ವರ್ಷ ಹಳೆಯದು. ನನ್ನ ಪ್ರಶ್ನೆ ನೇರವಾಗಿದೆ. ರೇವಾವನ್ನು ಅಷ್ಟು ಮುಂಚೆ ಮನೆಗೆ ತಂದುಕೊಂಡ ಕಂಪನಿಯೂ 2024ರಲ್ಲಿ ಸೆಲ್ಲಿಗಾಗಿ ಬಿವೈಡಿಯ ಕಡೆ ನೋಡಬೇಕಾಯಿತಲ್ಲ, ಆ ಹೆಪ್ಪಿನಿಂದ ಮೊಸರು ಆಯಿತೇ ಇಲ್ಲವೇ?

ಬನಶಂಕರಿ

ಜಯನಗರದವರ ಪ್ರಶ್ನೆಗೆ ಹೌದು ಎಂಬ ಅರ್ಧ ಉತ್ತರ ನನ್ನದು. ರೇವಾದಿಂದ 2013ರ ಇ2ಒ, ಅಲ್ಲಿಂದ ಮುಂದೆ ತ್ರಿಚಕ್ರಗಳು, ಹೀಗೆ ವಾಹನವನ್ನು ಒಟ್ಟಾಗಿ ಕಟ್ಟುವ ಕೈ ಪಳಗಿತು, ಅದು ಸಣ್ಣ ಲಾಭವಲ್ಲ. ಆದರೆ ಸೆಲ್ಲು ಎಂಬುದು ರೇವಾದ ಬಳಿಯೂ ಇರಲಿಲ್ಲ. ಅದನ್ನು ಅವರೂ ಕೊಂಡೇ ತರುತ್ತಿದ್ದರು. ಕೊಟ್ಟವರ ಮನೆಯಲ್ಲಿ ಇಲ್ಲದ ಹೆಪ್ಪು ಕೊಂಡವರ ಮನೆಗೆ ಬರಲಾರದು.

ರಾಜಾಜಿನಗರ

ಇಲ್ಲಿಯವರೆಗೆ ಬರೆದವರೆಲ್ಲ ಎಂಜಿನಿಯರುಗಳು ಅಥವಾ ಅಭಿಮಾನಿಗಳು. ನಾನು ವಾಹನ ಬಿಡಿಭಾಗಗಳ ಕಂಪನಿಯೊಂದರ ಲೆಕ್ಕಪತ್ರ ನೋಡುವವನು, ಆದ್ದರಿಂದ ಎದುರು ಮಾತನ್ನು ಗೌರವದಿಂದಲೇ ಮುಂದಿಡುತ್ತೇನೆ.

ಕಾರು ಕಂಪನಿಗಳ ಬಳಿ ಹತ್ತು ವರ್ಷದ ವ್ಯವಧಾನವಿಲ್ಲ. ಹೊಸ ತಳಹದಿಯೊಂದಕ್ಕೆ ಸಾವಿರಾರು ಕೋಟಿ ರೂಪಾಯಿ ಸುರಿದು, ಅದು ಹೊರಬರುವ ಹೊತ್ತಿಗೆ ಸೆಲ್ಲಿನ ರಸಾಯನವೇ ಬದಲಾಗಿದ್ದರೆ ಆ ಹಣ ನೀರುಪಾಲು. ರೆನೋ ತನ್ನ ಹೊಸ ವಿದ್ಯುತ್ ಟ್ವಿಂಗೊವನ್ನು ಚೀನಾದಲ್ಲಿ ತಂಡ ಕಟ್ಟಿ ಎರಡು ವರ್ಷದೊಳಗೆ ರೂಪಿಸಿತು. ಅದೇ ರೆನೋ ಬಳಿಗೆ 2025ರ ಡಿಸೆಂಬರ್‌ನಲ್ಲಿ ಫೋರ್ಡ್ ಹೋಗಿ, ಯುರೋಪಿಗೆ ಎರಡು ಸಣ್ಣ ವಿದ್ಯುತ್ ಕಾರುಗಳಿಗಾಗಿ ಅದರ ತಳಹದಿಯನ್ನು ಪಡೆಯುವ ಒಪ್ಪಂದ ಮಾಡಿಕೊಂಡಿತು. ಇದರಲ್ಲಿ ಸೋಲು ಎಲ್ಲಿದೆ? ಬಿಡದಿಯಲ್ಲಿ ಟೊಯೊಟಾ ತಯಾರಿಸಿದ ಕಾರು ಮಾರುತಿಯ ಗ್ರಾಂಡ್ ವಿಟಾರಾ ಎಂಬ ಹೆಸರಿನಲ್ಲಿ ಮಾರಾಟವಾಯಿತು, ಮಾರುತಿಯ ಬಲೆನೋ ಟೊಯೊಟಾದ ಗ್ಲಾನ್ಜಾ ಆಯಿತು. ಇಬ್ಬರ ಕಾರ್ಖಾನೆಗಳಿಗೂ ಕೆಲಸ ಸಿಕ್ಕಿತು, ಕೊಂಡವರೂ ದೂರಲಿಲ್ಲ. ಶೋರೂಮಿಗೆ ಬರುವ ಕುಟುಂಬ ಕೇಳುವುದು ಎಷ್ಟು ಕಿಲೋಮೀಟರ್ ಓಡುತ್ತದೆ, ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ ಎಂಬುದನ್ನು. ನಿಯಂತ್ರಣದ ಕೋಡನ್ನು ಯಾರು ಬರೆದರು ಎಂದು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ಮಾಗಡಿ ರಸ್ತೆ

ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ, ರಾಜಾಜಿನಗರದ ಸರ್ ಹೇಳಿದ್ದು ನಿಜ. ಸರ್ವಿಸ್ ಸೆಂಟರಿಗೆ ಬಂದಾಗ ಎಲ್ಲರೂ ಕೇಳುತ್ತಾರೆ. ನಾನು ವಿದ್ಯುತ್ ವಾಹನಗಳ ರಿಪೇರಿ ಮಾಡುವವನು, ಎಂಟು ವರ್ಷ ಅಧಿಕೃತ ಸರ್ವಿಸ್ ಸೆಂಟರೊಂದರಲ್ಲಿ ಇದ್ದವನು. ಕಂಪನಿಯ ಹೆಸರು ಇಲ್ಲಿ ಬೇಡ.

ಒಂದು ಕಾರು ಬಂತು. ಓಡಿಸುವವರು ಒಬ್ಬ ನಿವೃತ್ತ ಶಿಕ್ಷಕಿ. ಶೇ. 40 ಚಾರ್ಜು ತೋರಿಸುತ್ತಿದ್ದ ಕಾರು ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಇದ್ದಕ್ಕಿದ್ದಂತೆ ನಿಂತುಬಿಟ್ಟಿತ್ತು. ಸ್ಕ್ಯಾನರ್ ಸಿಕ್ಕಿಸಿದರೆ ಒಂದು ಕೋಡು ಮಾತ್ರ ಬಂತು, ಸೆಲ್ಲುಗಳ ನಡುವೆ ವೋಲ್ಟೇಜಿನ ವ್ಯತ್ಯಾಸವಿದೆ ಎಂದು. ಯಾವ ಮಾಡ್ಯೂಲು, ಯಾವ ಸೆಲ್ಲು, ಎಷ್ಟು ವ್ಯತ್ಯಾಸ ಎಂಬುದನ್ನು ನೋಡಲು ಪ್ಯಾಕ್ ಮಾಡಿದ ಹೊರಗಿನ ಕಂಪನಿಯ ಸರ್ವರಿನಿಂದ ಅನುಮತಿ ಬೇಕಿತ್ತು. ಪ್ಯಾಕಿನ ಬೋಲ್ಟುಗಳನ್ನು ಬಿಚ್ಚುವ ಸಾಮಾನು ನನ್ನ ಕೈಯಲ್ಲಿತ್ತು, ಬಿಚ್ಚಿದರೆ ವಾರಂಟಿ ಹೋಗುತ್ತಿತ್ತು. ಹತ್ತೊಂಬತ್ತು ದಿನ ಆ ಕಾರು ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು. ಆ ಅಮ್ಮ ದಿನ ಬಿಟ್ಟು ದಿನ ಫೋನ್ ಮಾಡಿ ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು, ಏನಾಗಿದೆ ಎಂದು ಹೇಳಪ್ಪ, ಸರಿಯಾಗುವುದು ನಿಧಾನವಾದರೂ ಚಿಂತೆಯಿಲ್ಲ ಎಂದು. ಏನಾಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೊನೆಗೆ ಇಡೀ ಪ್ಯಾಕನ್ನೇ ಬದಲಿಸಿದರು. ಅದರಲ್ಲಿ ಕೆಟ್ಟಿದ್ದು ಒಂದು ಸೆಲ್ಲೋ, ಒಂದು ಸೆನ್ಸರಿನ ತಂತಿಯೋ ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದಿದ್ದರೆ ಮುಂದಿನ ಕಾರಿಗೆ ಆ ಹತ್ತೊಂಬತ್ತು ದಿನ ಉಳಿಯುತ್ತಿತ್ತು.

ಬನಶಂಕರಿ

ರಾಜಾಜಿನಗರದವರ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ರೆನೋದ ಉದಾಹರಣೆ ನನ್ನ ಪಾಲಿಗೆ ಹೆಪ್ಪಿನದೇ, ಏಕೆಂದರೆ ಅವರು ಕಾರನ್ನು ಕೊಳ್ಳುವ ಬದಲು ತಮ್ಮದೇ ತಂಡವನ್ನು ಅಲ್ಲಿ ಕಟ್ಟಿ ಕಲಿತರು. ನನ್ನ ಆತಂಕ ಇರುವುದು ಬೇರೆ ಬಗೆಯ ಕೊಳ್ಳುವಿಕೆಯಲ್ಲಿ. 2009ರಲ್ಲಿ ಮರ್ಸಿಡಿಸ್ ಕಾರುಗಳ ಒಡೆಯ ಡೈಮ್ಲರ್, 2010ರಲ್ಲಿ ಟೊಯೊಟಾ, ಇನ್ನೂ ಎಳೆಯದಾಗಿದ್ದ ಟೆಸ್ಲಾದಲ್ಲಿ ಪಾಲು ಕೊಂಡವು. ಟೆಸ್ಲಾದ ಬ್ಯಾಟರಿ ಮತ್ತು ಮೋಟಾರು ಹೊತ್ತ ಟೊಯೊಟಾದ ರಾವ್4 ಇವಿ ಸುಮಾರು 2,500 ತಯಾರಾಗಿ ನಿಂತಿತು. ಮರ್ಸಿಡಿಸ್‌ನ ಬಿ-ಕ್ಲಾಸ್ ವಿದ್ಯುತ್ ಕಾರಿನದೂ ಅದೇ ಕಥೆ. ಡೈಮ್ಲರ್ 2014ರಲ್ಲಿ ತನ್ನ ಪಾಲನ್ನು ಒಳ್ಳೆಯ ಬೆಲೆಗೆ ಮಾರಿತು, ಟೊಯೊಟಾ ಕೂಡ ಆಮೇಲೆ ಮಾರಿತು. ಲೆಕ್ಕದ ಪುಸ್ತಕದಲ್ಲಿ ಇಬ್ಬರಿಗೂ ಲಾಭ. ಆದರೆ ಟೆಸ್ಲಾಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಟೊಯೊಟಾದ ಕಾರ್ಖಾನೆ ಮತ್ತು ಗಟ್ಟಿಮುಟ್ಟಾದ ಕಾರನ್ನು ಮಾಡುವ ಶಿಸ್ತು. ಆ ಕಾರ್ಖಾನೆಯ ಇತಿಹಾಸವೇ ಒಂದು ಪಾಠ: 1984ರಲ್ಲಿ ಜನರಲ್ ಮೋಟರ್ಸ್ ತನ್ನ ಎದುರಾಳಿ ಟೊಯೊಟಾದ ಕೆಲಸದ ಪದ್ಧತಿಯನ್ನು ಕಲಿಯಲೆಂದು ಅದೇ ಕಟ್ಟಡದಲ್ಲಿ ಜಂಟಿ ಉದ್ಯಮ ತೆರೆದಿತ್ತು. ಅಲ್ಲಿ ದುಡಿದು ಕಲಿತವರು ತಮ್ಮ ಹಳೆಯ ಕಾರ್ಖಾನೆಗಳಿಗೆ ಮರಳಿದಾಗ ಅವರ ಮಾತನ್ನು ಕೇಳುವವರು ಕಡಿಮೆ ಇದ್ದರು. ಕಲಿಯಲು ಕಳಿಸಿದರೆ ಸಾಲದು, ಕಲಿತು ಬಂದವರಿಗೆ ಜಾಗ ಬಿಡಬೇಕು.

ಜಾಲಹಳ್ಳಿ

ನನಗೆ ಎಪ್ಪತ್ತಾರು ವರ್ಷ. ವಿದ್ಯುತ್ ಕಾರಿನ ಒಳಗುಟ್ಟು ನನಗೆ ಗೊತ್ತಿಲ್ಲ, ಆದರೆ ಎರವಲು ವಿದ್ಯೆ ಎಂದರೇನು ಎಂಬುದನ್ನು ಯಂತ್ರದ ಪಕ್ಕ ನಿಂತು ಕಂಡವನು. 1953ರಲ್ಲಿ ಎಚ್‌ಎಂಟಿ ಇಲ್ಲಿ ಆರಂಭವಾದದ್ದು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಮಾಡತೊಡಗಿತು. ನಮಗೆ ಪಾಠ ಹೇಳಿದ ಹಿರಿಯರಲ್ಲಿ ಹಲವರು ಹೊರದೇಶಕ್ಕೆ ಹೋಗಿ, ಅಲ್ಲಿನವರ ಕೈಕೆಳಗೆ ಅರ ಹಿಡಿದು ಉಜ್ಜಿ ಬಂದವರು. ಅವರು ನಮಗೆ ಅಳತೆಯನ್ನು ಹೇಳಿಕೊಡುವ ಮೊದಲು ಆ ಅಳತೆ ಏಕೆ ಎಂದು ಕೇಳುತ್ತಿದ್ದರು, ಉತ್ತರ ಬರುವವರೆಗೂ ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ. ಪೀಣ್ಯದವರು ಬರೆದ ಎರಡು ಮೈಕ್ರಾನಿನ ಪ್ರಸಂಗ ಓದಿ ನನಗೆ ಆ ದಿನಗಳು ನೆನಪಾದವು. ಪೀಣ್ಯದ ಎಷ್ಟೋ ಸಣ್ಣ ಕಾರ್ಖಾನೆಗಳ ಮಾಲೀಕರು ಹಾಗೆ ಕಲಿತವರ ಕೈಯಲ್ಲಿ ಕಲಿತವರು.

ಇನ್ನೊಂದು ಮಾತನ್ನೂ ಹೇಳಬೇಕು. ಒಮ್ಮೆ ಕಲಿತರೆ ಮುಗಿಯಿತು ಎಂದು ತಿಳಿಯಬಾರದು. ಕೀ ಕೊಡುವ ಗಡಿಯಾರದ ವಿದ್ಯೆಯಲ್ಲಿ ನಮ್ಮ ಕಾರ್ಖಾನೆ ಇಡೀ ದೇಶಕ್ಕೆ ಹೆಸರಾಗಿದ್ದಾಗಲೇ ಗಡಿಯಾರದ ಹೃದಯವೇ ಬದಲಾಯಿತು. 1984ರಲ್ಲಿ ಸ್ಥಾಪನೆಯಾದ ಟೈಟನ್ ಹೊಸೂರಿನಿಂದ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳನ್ನು ತಂದಾಗ ಮಾರುಕಟ್ಟೆ ಆ ಕಡೆ ಹೊರಳಿತು. ಎಂಜಿನ್ ಮಾಡುವವರಿಗೆ ಈಗ ಬಂದಿರುವುದು ಅಂಥದೇ ಕಾಲ.

ಹೊಸಕೋಟೆ

ಎಲ್ಲರೂ ಕೊಳ್ಳುವವರ ಕಡೆಯಿಂದ ಮಾತಾಡುತ್ತಿದ್ದೀರಿ, ಕೊಡುವವರ ಕಡೆಯೂ ಈಗ ನಮ್ಮ ಊರಿನಲ್ಲಿದೆ. ವಿದ್ಯುತ್ ಸ್ಕೂಟರ್ ಮಾಡುವ ಬೆಂಗಳೂರಿನ ರಿವರ್ ಕಂಪನಿಯಲ್ಲಿ ಯಮಹಾ 2024ರಲ್ಲಿ ಹಣ ಹೂಡಿತು; 2025ರ ನವೆಂಬರ್‌ನಲ್ಲಿ ಯಮಹಾ ತೋರಿಸಿದ ಇಸಿ-06 ಸ್ಕೂಟರಿನ ತಳಹದಿ ರಿವರ್‌ನ ಇಂಡಿ ಸ್ಕೂಟರಿನದು. ಎಪ್ಪತ್ತು ವರ್ಷಗಳಿಂದ ಬೈಕು ಮಾಡುವ ಜಪಾನಿನ ಕಂಪನಿ ನಮ್ಮಲ್ಲಿಗೆ ಬಟ್ಟಲು ಹಿಡಿದು ಬಂದಿದೆ ಎಂದಾಯಿತು. ಹೀರೊ 2016ರಿಂದಲೇ ಇನ್ನೊಂದು ವಿದ್ಯುತ್ ಸ್ಕೂಟರ್ ಕಂಪನಿ ಏಥರ್‌ನಲ್ಲಿ ಹಣ ಹಾಕುತ್ತ ಬಂತು, ಜೊತೆಗೆ ತನ್ನದೇ ವಿಡಾ ಸ್ಕೂಟರನ್ನೂ ತಂದಿತು. ಇಬ್ಬರೂ ಅಂಗಡಿಯ ಮುಂದೆ ಎದುರಾಳಿಗಳು, ಆದರೆ ಏಥರ್ ರೂಪಿಸಿದ ಚಾರ್ಜಿಂಗ್ ಕನೆಕ್ಟರ್ ಭಾರತೀಯ ಮಾನಕವಾಗಿ, ಎರಡೂ ಕಂಪನಿಯ ಸ್ಕೂಟರುಗಳು ಒಂದೇ ಕಡೆ ಚಾರ್ಜು ಹಾಕಿಸಿಕೊಳ್ಳುತ್ತವೆ.

ವೈಟ್‌ಫೀಲ್ಡ್

ಹೊಸಕೋಟೆಯವರು ಬರೆದದ್ದು ಓದಿ ಮನಸ್ಸಿಗೆ ಹಿತವಾಯಿತು. ಒಂದು ಅಂಶ ಮಾತ್ರ ಬಿಟ್ಟುಹೋಗಿದೆ. ಎದುರಾಳಿ ಕೊಡಲು ಒಪ್ಪಿದರೂ ಅವನ ಸರ್ಕಾರ ಒಪ್ಪಬೇಕು. ಚೀನಾ 2025ರ ಏಪ್ರಿಲ್‌ನಲ್ಲಿ ಏಳು ವಿರಳ ಭೂಲೋಹಗಳ ರಫ್ತಿಗೆ ನಿರ್ಬಂಧ ಹಾಕಿದಾಗ ಮೋಟಾರಿನ ಅಯಸ್ಕಾಂತಗಳಿಲ್ಲದೆ ನಮ್ಮ ವಾಹನ ಉದ್ಯಮ ಪರದಾಡಿತು. ಅದೇ ಜುಲೈನಲ್ಲಿ ಎಲ್‌ಎಫ್‌ಪಿ ಕ್ಯಾಥೋಡ್, ಅಂದರೆ ಸೆಲ್ಲಿನ ಧನ ಧ್ರುವವನ್ನು ತಯಾರಿಸುವ ತಂತ್ರಜ್ಞಾನವನ್ನು ಹೊರಗೆ ಕೊಡಬೇಕಾದರೆ ಪರವಾನಗಿ ಬೇಕೆಂಬ ನಿಯಮವೂ ಬಂತು. ನಮ್ಮ ಕಡೆಯಿಂದಲೂ ಬಾಗಿಲು ಕಿರಿದು: ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ 2020ರಿಂದ ಕೇಂದ್ರದ ಪೂರ್ವಾನುಮತಿ ಬೇಕಾಯಿತು, ಬಿವೈಡಿಯ ನೂರು ಕೋಟಿ ಡಾಲರಿನ ಪ್ರಸ್ತಾವ 2023ರಲ್ಲಿ ತಿರಸ್ಕೃತವಾಯಿತು.

ಈ ಇಕ್ಕಟ್ಟಿನ ನಡುವೆಯೂ ದೇವನಹಳ್ಳಿಯ ಕಡೆ ಎಕ್ಸೈಡ್ ಸೆಲ್ಲಿನ ಕಾರ್ಖಾನೆ ಕಟ್ಟಿದೆ. ಅದಕ್ಕೆ 2022ರಲ್ಲಿ ತಾಂತ್ರಿಕ ಒಪ್ಪಂದವಾದದ್ದು ಎಸ್‌ವೋಲ್ಟ್ ಜೊತೆ, ಅಂದರೆ ಚೀನಾದ ಕಾರು ಕಂಪನಿ ಗ್ರೇಟ್ ವಾಲ್‌ನ ಒಡಲಿನಿಂದ ಬೇರೆಯಾದ ಸಂಸ್ಥೆಯ ಜೊತೆ. ಕೊಂಡ ವಿದ್ಯೆಯಾದರೂ ಸೆಲ್ಲು ಹುಟ್ಟುವುದು ನಮ್ಮ ಊರಿನ ಪಕ್ಕದಲ್ಲಿ. ಕ್ಯಾಥೋಡಿನ ಲೇಪ ಫಾಯಿಲಿನ ಮೇಲೆ ಒಂದೇ ಸಮನಾಗಿ ಕೂರುವುದಕ್ಕೆ ಗಾಳಿಯ ತೇವ ಎಷ್ಟಿರಬೇಕು, ಯಾವ ರೋಲು ಯಾವಾಗ ಕೈಕೊಡುತ್ತದೆ ಎಂಬುದನ್ನು ಕಾಗದದಿಂದ ಕಲಿಯಲಾಗದು, ಅಲ್ಲಿ ಪಾಳಿ ಮಾಡುವ ಹುಡುಗ ಹುಡುಗಿಯರೇ ಕಲಿಯಬೇಕು. ಐದು ವರ್ಷದ ನಂತರ ಅವರಲ್ಲಿ ಹತ್ತು ಜನ ಹೊರಬಂದು ತಮ್ಮದೇ ಶೆಡ್ಡು ಹಾಕಿದರೆ ನಾನು ಅದನ್ನು ಹೆಪ್ಪು ಎಂದು ಒಪ್ಪುತ್ತೇನೆ.

ಪೀಣ್ಯ ಎರಡನೇ ಹಂತ

ಜಾಲಹಳ್ಳಿಯ ಹಿರಿಯರ ಮಾತನ್ನು ನಮ್ಮ ಫಿಟ್ಟರಿಗೆ ಓದಿ ಹೇಳಿದೆ. ಅವರಿಗೆ ಕೆಲಸ ಕಲಿಸಿದವರೂ ಆ ಕಡೆಯವರೇ. ನಾನು ಅರ್ಧಕ್ಕೆ ಬಿಟ್ಟ ಪ್ರಸಂಗದ ಮುಂದಿನ ಭಾಗವನ್ನು ಹೇಳಿಬಿಡುತ್ತೇನೆ. ಆ ಕಾರಿನ ಆರ್ಡರ್ ಸ್ಯಾಂಪಲ್ಲಿಗೇ ನಿಂತಿತು, ಬೆಲೆ ಕೂಡಿ ಬರಲಿಲ್ಲ. ಆದರೆ ಸದ್ದಿಳಿಸಿದ ಆ ಎರಡು ಜೋಡಿ ಗೇರನ್ನೂ ಅಳತೆಯ ಹಾಳೆಗಳನ್ನೂ ನಾನು ಎಸೆಯಲಿಲ್ಲ. ಕಳೆದ ವರ್ಷ ಇಲ್ಲಿಯೇ ವಿನ್ಯಾಸ ಮಾಡುವ ಒಂದು ಸ್ಕೂಟರ್ ಕಂಪನಿಯ ಹುಡುಗಿಯೊಬ್ಬಳು ಅದೇ ಕೀರಲು ಸದ್ದಿನ ತೊಂದರೆ ಹೊತ್ತು ಬಂದಳು. ಹಾಳೆಗಳನ್ನು ಅವಳ ಮುಂದೆ ಹರಡಿದೆ. ಡ್ರಾಯಿಂಗ್ ಅವಳದೇ, ಆದ್ದರಿಂದ ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಜೆ ಆರಕ್ಕೆ ಯಂತ್ರದ ಮುಂದೆ ನಿಂತು ಫಿಟ್ಟರ್ ಜೊತೆ ವಾದಿಸಿ, ಅವರು ಹೇಳಿದ ಎರಡು ಮೈಕ್ರಾನಿನ ಬದಲು ಒಂದೂವರೆ ಸಾಕು, ಏಕೆಂದರೆ ಈ ಗೇರಿನ ಮೇಲೆ ಬೀಳುವ ಭಾರ ಕಡಿಮೆ ಎಂದು ಲೆಕ್ಕ ಹಾಕಿ ತೋರಿಸಿದಳು. ರಾತ್ರಿ ಹತ್ತೂವರೆಗೆ ಮೊದಲ ಜೋಡಿ ಗ್ರೈಂಡಿಂಗ್‌ನಿಂದ ಇಳಿಯಿತು. ರಿಗ್ಗಿಗೆ ಹಾಕಿದಾಗ ಬೇರಿಂಗಿನ ಸದ್ದು ಮಾತ್ರ ಕೇಳುತ್ತಿತ್ತು. ಫಿಟ್ಟರ್ ಆ ಒಂದೂವರೆಯನ್ನು ತಮ್ಮ ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲಿ ಏಕೆ ಎಂಬುದನ್ನೂ ಬರೆದುಕೊಡಲು ಅವಳ ಕೈಗೆ ಪೆನ್ನು ಕೊಟ್ಟರು.